ಹೂವೇರಿಸಿಕೊಂಡು ಕುಳಿತ ಸ್ಟ್ಯಾಂಡ್

ನಾನು ಒಂದು ಕಬ್ಬಿಣದ ಸ್ಟ್ಯಾಂಡ್. ಜಾಕ್ ಕಾರನ್ನು ಮೇಲೆತ್ತಿದ ಮೇಲೆ ಅದರ ಭಾರವನ್ನು ಹೊತ್ತು ನಿಲ್ಲುವುದು ನನ್ನ ಕೆಲಸ. ಶೇಷಗಿರಿ ಸರ್ ತೀರಿಹೋದರೆಂದು ನನಗೆ ತಿಳಿದ ದಿನ ನಾನು ಏನನ್ನೂ ಹೊತ್ತಿರಲಿಲ್ಲ. ನನ್ನ ತಲೆಯ ಮೇಲೆ ಒಂದು ಚೆಂಡುಹೂವಿತ್ತು, ಅಷ್ಟೆ.

ಅಂದು ಖಂಡೇನವಮಿ, ಆಯುಧಪೂಜೆಯ ದಿನ. ಧಾರವಾಡದ ಮಾಳಮಡ್ಡಿಯ ಅವರ ಮನೆಯ ಪಡಸಾಲೆಯಲ್ಲಿ, ದೇವಿಯ ಪಟದ ಮುಂದೆ, ಕೆಂಪು ವಸ್ತ್ರದ ಮೇಲೆ ನಾನೂ ನನ್ನ ಜೋಡಿಯೂ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದೆವು. ಸಂಜೆ ಹಸನಸಾಬ ನದಾಫರು ಆಸ್ಪತ್ರೆಯಿಂದ ಬಂದರು. ಚಪ್ಪಲಿ ಕಳೆಯುವುದನ್ನೂ ಮರೆತು ಹೊಸ್ತಿಲಲ್ಲಿ ನಿಂತರು.

"ಅಕ್ಕಾರ, ಸರ ಹ್ವಾದ್ರು."

ಸರ್ ಅವರ ಅಕ್ಕ ಕೃಷ್ಣಾಬಾಯಿ ಗೋಡೆಗೆ ಒರಗಿ ಹಾಗೆಯೇ ನೆಲಕ್ಕೆ ಕುಸಿದರು. ಆಗ ಹಸನಸಾಬರ ಕಣ್ಣು ನಮ್ಮ ಮೇಲೆ ಬಿತ್ತು.

"ಇವು ಇಲ್ಲಿ ಯಾಕದಾವ?"

ಅಂದಿನಿಂದ ನನ್ನೊಳಗೆ ಒಂದು ಸಿಟ್ಟು ಕುಳಿತಿದೆ. ನನ್ನ ಮೈಗೆ ತುಕ್ಕು ಹಿಡಿದಿದೆ, ಆ ಸಿಟ್ಟಿಗೆ ಹಿಡಿದಿಲ್ಲ.

ನನ್ನನ್ನು ಮಾಡಿದವರು ಇದೇ ಹಸನಸಾಬರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿ ನಿವೃತ್ತರಾದವರು. ಶೇಷಗಿರಿ ಕುಷ್ಟಗಿಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಇಬ್ಬರಿಗೂ ಒಂದೇ ಹುಚ್ಚು. ಹಳೆಯ ಕಾರೊಂದರ ಚಾಸಿಯ ಮೇಲೆ ತಗಡು ಬಡಿದು, ಎರಡೇ ಸೀಟಿನ ಒಂದು ಪುಟ್ಟ ಸ್ಪೋರ್ಟ್ಸ್ ಕಾರನ್ನು ಸರ್ ಮನೆಯ ಹಿತ್ತಲಿನಲ್ಲಿಯೇ ಕಟ್ಟಿದ್ದರು. ಅದಕ್ಕೆ ಮೇಲುಹೊದಿಕೆ ಇರಲಿಲ್ಲ. ಚಾಸಿಯನ್ನು ತಗ್ಗಿಸಿ ತಗ್ಗಿಸಿ, ಅದರ ಹೊಟ್ಟೆಗೂ ನೆಲಕ್ಕೂ ಒಂದು ಗೇಣು ಅಂತರ ಮಾತ್ರ ಉಳಿಸಿದ್ದರು.

"ಇದರಾಗ ಕುಂತರ ರಸ್ತೆ ಮ್ಯಾಲೆ ಚಾಪಿ ಹಾಸಿ ಕುಂತಂಗ ಆಗತದ ನೋಡೋ" ಎಂದು ಕೃಷ್ಣಕ್ಕ ನಗುತ್ತಿದ್ದರು. ಆದರೂ ಅದರಲ್ಲಿ ಕುಳಿತು ಮಠಕ್ಕೆ ಹೋಗುವುದೆಂದರೆ ಅವರಿಗೆ ಇಷ್ಟವೇ.

ಅಂಥ ಕಾರಿನ ಕೆಳಗೆ ಮಲಗಿ ಕೆಲಸ ಮಾಡಬೇಕಲ್ಲ. ಅದಕ್ಕಾಗಿ ಹಸನಸಾಬರು ನಮ್ಮಿಬ್ಬರನ್ನು ಮಾಡಿದರು. ನಾಲ್ಕು ಕಾಲು, ನಡುವೆ ದಪ್ಪ ಪೈಪು, ಅದರೊಳಗೆ ಏರಿಸಿ ಇಳಿಸುವ ಕಂಬಿ, ಕಂಬಿಯನ್ನು ಹಿಡಿದು ನಿಲ್ಲಿಸಲು ಒಂದು ಗೂಟ. ಬೆಸುಗೆ ಆರಿದ ಮೇಲೆ ಸುತ್ತಿಗೆಯಿಂದ ನನ್ನನ್ನು ಹತ್ತು ಸಲ ಬಡಿದು ನಾದ ಕೇಳಿದರು. ಆಮೇಲೆ ಸರ್ ಕೈಗೆ ಕೊಟ್ಟು, "ಸರ, ಜಾಕ್ ನಂಬಬ್ಯಾಡ್ರಿ. ಇವನ್ನ ನಂಬ್ರಿ" ಎಂದರು.

ಸರ್ ನಂಬಿದರು. ಹಿತ್ತಲಿನ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದರು: ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ.

ಭಾನುವಾರಗಳಂದು ಅವರಂಥವರೇ ನಾಲ್ಕೈದು ಜನ ತಮ್ಮ ತಮ್ಮ ಪುಟ್ಟ ಕಾರುಗಳೊಂದಿಗೆ ಹಿತ್ತಲಿಗೆ ಬರುತ್ತಿದ್ದರು. ಒಬ್ಬರು ಕಾರ್ಬುರೇಟರ್ ಬಿಚ್ಚುವರು, ಇನ್ನೊಬ್ಬರು ಬ್ರೇಕ್ ಕಟ್ಟುವರು. ಕೃಷ್ಣಕ್ಕ ಅವಲಕ್ಕಿ ಕೊಡುವರು. ಒಮ್ಮೆ ದೇಸಾಯಿ ವಕೀಲರು ಬರೀ ಜಾಕ್ ಮೇಲೆ ಕಾರು ನಿಲ್ಲಿಸಿ ಕೆಳಗೆ ತೂರಿದರು. ಸರ್ ಅವರ ಎರಡೂ ಕಾಲು ಹಿಡಿದು ದರದರನೆ ಹೊರಗೆಳೆದರು.

"ಏನ್ ಮಾಸ್ತರ, ಹೆಣಾ ಎಳದಂಗ ಎಳೀತೀರಲ್ಲ!"

"ಹೆಣಾ ಆಗಬಾರದಂತನ ಎಳದೀನಿ, ವಕೀಲಸಾಹೇಬ್ರ. ಕೆಳಗ ಹೋದ ಮ್ಯಾಲೆ ಅಪೀಲು ಇಲ್ಲ."

ಎಲ್ಲರೂ ನಕ್ಕರು. ಹನ್ನೊಂದು ವರ್ಷ ನಾನು ಆ ಕಾರನ್ನು ಹೊತ್ತೆ. ನನ್ನ ಪಕ್ಕದಲ್ಲೇ ಅವರ ಎದೆ ಏರಿಳಿಯುತ್ತಿತ್ತು. ಕೆಲಸ ಮಾಡುತ್ತಾ ಅವರು ಗುನುಗುತ್ತಿದ್ದ ದೇವರನಾಮಗಳೆಲ್ಲ ನನಗೆ ಬಾಯಿಪಾಠವಾದವು.

ಪ್ರತಿ ವರ್ಷ ದಶಮಿಯ ದಿನ ಈ ಕಾರುಗಳೆಲ್ಲ ಸಾಲಾಗಿ ಊರ ಗಡಿ ದಾಟಿ ಬರುವ ಪದ್ಧತಿ. ಅದು ಅವರ ಸೀಮೋಲ್ಲಂಘನ. ಸಾಲಿನ ಮೊದಲ ಕಾರು ಸರ್ ಅವರದು.

ಆ ವರ್ಷ ನವಮಿಯ ಬೆಳಿಗ್ಗೆ ಪಾನಾ, ಸುತ್ತಿಗೆ, ಸ್ಕ್ರೂಡ್ರೈವರ್‌ಗಳ ಜೊತೆ ನಮ್ಮನ್ನೂ ತೊಳೆದು ಪೂಜೆಗೆ ಕೂರಿಸಿದರು. ಕಾರಿನ ಡಿಕ್ಕಿಯಲ್ಲಿ ಬಿದ್ದಿದ್ದ ಕತ್ತರಿ ಜಾಕನ್ನು ತರಲು ಮರೆತರು. ಪೂಜೆಯ ನಂತರ ಕಾರನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿದಾಗ ಸೈಲೆನ್ಸರಿನ ಪಟ್ಟಿ ಸಡಿಲಾಗಿ ಗಡಗಡ ಸದ್ದು ಬಂತು. ಹಾಗೆಯೇ ಬಿಟ್ಟರೆ ನಾಳೆ ದಾರಿಯಲ್ಲಿ ಸೈಲೆನ್ಸರ್ ಕಳಚಿ ಬೀಳುವುದು ಖಂಡಿತ. ಸರ್ ಪಡಸಾಲೆಗೆ ಬಂದು ನನ್ನ ಕಡೆಗೆ ಕೈ ಚಾಚಿದರು.

"ಏ ಶೇಷು! ಹೂವೇರಿಸಿದ್ದನ್ನ ಕದಲಸ್ತೀಯೇನೋ?"

"ಎರಡ ನಿಮಿಷದ ಕೆಲಸ ಅಕ್ಕಾ. ಮತ್ತ ತಂದಿಡ್ತೀನಿ."

"ಎರಡ ನಿಮಿಷದ್ದಾದರ ಅದ್ಯಾಕ ಬೇಕು? ನಾಳೆ ಬನ್ನಿ ಏರಿಸೂತನಕ ಮುಟ್ಟಬ್ಯಾಡ."

ಸರ್ ಅವರ ಬೆರಳು ಆಗಲೇ ನನ್ನನ್ನು ಮುಟ್ಟಿದ್ದವು. ಅಕ್ಕನ ಮುಖ ನೋಡಿದರು, ನಕ್ಕರು, ಕೈ ಹಿಂತೆಗೆದರು. ತಾಯಿ ಇಲ್ಲದ ತಮ್ಮನನ್ನು ಸಾಕಿದ ಅಕ್ಕನ ಮಾತನ್ನು ಅವರು ಎಂದೂ ಮೀರಿದವರಲ್ಲ. ಪಕ್ಕದ ಮನೆಯವರಿಂದ ಒಂದು ಪಾನಾ ಕೇಳಿ ತಂದರು. ಅದಕ್ಕೆ ಪೂಜೆಯಾಗಿರಲಿಲ್ಲ. ಆ ಮನೆಯಲ್ಲಿ ಸ್ಟ್ಯಾಂಡ್ ಇರಲಿಲ್ಲ.

ಡಿಕ್ಕಿಯಲ್ಲಿದ್ದ ಜಾಕಿನಿಂದಲೇ ಕಾರನ್ನೆತ್ತಿ ಕೆಳಗೆ ತೂರಿದರು. ಶೆಡ್ಡಿನ ನೆಲ ನುಣುಪಾದ ಫರಸಿಕಲ್ಲು. ಜಂಗು ಹಿಡಿದ ಬೋಲ್ಟನ್ನು ಅವರು ಬಲವಾಗಿ ಜಗ್ಗಿದಾಗ ಜಾಕ್ ಜಾರಿರಬೇಕು. ಹಿತ್ತಲಿನಿಂದ ಒಂದೇ ಸದ್ದು ಬಂತು. ದೇವಿಯ ಮುಂದಿನ ದೀಪ ಕೂಡ ಅಲುಗಲಿಲ್ಲ.

ಆಮೇಲೆ ಬಂದವರು ಆಡಿದ ಮಾತುಗಳನ್ನು ನಾನು ಮರೆಯಲಾರೆ. ಒಬ್ಬರು ಹಣೆಬರಹ ಎಂದರು. ಒಬ್ಬರು ಕಾರಿಗೆ ದೃಷ್ಟಿ ತಾಗಿತ್ತು ಎಂದರು. ಒಬ್ಬಾಕೆ ಬಾಗಿಲಲ್ಲಿ ನಿಂತು, "ಖಂಡೇಪೂಜಿ ದಿನ ಆಯುಧಾ ಮುಟ್ಟಿದ್ರ ದೇವಿ ಸುಮ್ನಿರತಾಳೇನು?" ಎಂದಳು.

ಮುಟ್ಟಿದ್ದರೆ! ಅಮ್ಮಾ, ಅವರು ನಮ್ಮನ್ನು ಮುಟ್ಟಿ ಎತ್ತಿಕೊಂಡು ಹೋಗಿದ್ದರೆ ಇಂದೂ ಪಾಠ ಹೇಳುತ್ತಿದ್ದರು. ಮಕ್ಕಳನ್ನು ಹೊತ್ತ ತಾಯಿ ಆ ದೇವಿ. ಹೊರುವ ವಸ್ತುವನ್ನು ಹೊರಬೇಡವೆಂದು ಅವಳು ಯಾವಾಗ ಹೇಳಿದಳು? ನನಗೆ ಕುಂಕುಮ ಬೇಕಿರಲಿಲ್ಲ, ಹೂವು ಬೇಕಿರಲಿಲ್ಲ. ನನ್ನ ತಲೆಯ ಮೇಲೆ ಆ ಕಾರು ಬೇಕಿತ್ತು. ನನಗೆ ಅದೇ ಪೂಜೆ.

ಅಕ್ಕನ ಮೇಲೆ ನನಗೆ ಸಿಟ್ಟಿದೆ. ಆದರೆ ಅವರಿಗಿಂತ ಹೆಚ್ಚಾಗಿ ಸರ್ ಮೇಲೆ ಸಿಟ್ಟಿದೆ. ಅಕ್ಕನಿಗೆ ತಿಳಿದಿರಲಿಲ್ಲ, ಅವರಿಗೆ ತಿಳಿದಿತ್ತು. ಗೋಡೆಯ ಮೇಲೆ ಬರೆದವರು ಯಾರು? ವಕೀಲರ ಕಾಲು ಎಳೆದವರು ಯಾರು? ಅವರ ಕಾಲು ಹಿಡಿದು ಎಳೆಯಲು ಅಂದು ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಕೈಯಿಲ್ಲದ, ನಡೆಯಲಾರದ ನಾನು ಪಡಸಾಲೆಯಲ್ಲಿ ಪೂಜ್ಯನಾಗಿ ಕುಳಿತಿದ್ದೆ.

ಹದಿಮೂರು ದಿನ ನಮ್ಮ ಮೇಲಿನ ಹೂವನ್ನು ಯಾರೂ ತೆಗೆಯಲಿಲ್ಲ. ಹದಿನಾಲ್ಕನೆಯ ದಿನ ಕೃಷ್ಣಕ್ಕ ಹಸನಸಾಬರನ್ನು ಕರೆಸಿದರು. "ಕಾರೂ ತೊಗೊಂಡು ಹೋಗ್ರಿ, ಇವನ್ನೂ ಒಯ್ಯಿರಿ. ನನ್ನ ಕಣ್ಣಿಗೆ ಬೀಳೂದು ಬ್ಯಾಡ" ಎಂದರು. ಹೀಗೆ ನಾನು ಹುಟ್ಟಿದ ಅಂಗಳಕ್ಕೇ ಮರಳಿದೆ. ಹಸನಸಾಬರು ತಗಡಿನ ತಗ್ಗನ್ನು ಬಡಿದು ಸರಿಮಾಡಿದರು. ಆ ಸೈಲೆನ್ಸರಿನ ಪಟ್ಟಿಯನ್ನು ಕೊನೆಯಲ್ಲಿ ಬಿಗಿದರು. ಬಿಗಿಯುವಾಗ ಅತ್ತರು. ನಾನು ಹೊತ್ತಿದ್ದೆ.

ಮರುವರ್ಷದ ಖಂಡೇನವಮಿಯ ದಿನ ಕೃಷ್ಣಕ್ಕ ನಡೆದುಕೊಂಡೇ ಆ ಅಂಗಳಕ್ಕೆ ಬಂದರು. ಕೈಯಲ್ಲಿ ಕುಂಕುಮದ ಭರಣಿ. ಕಾರು ಮೇಲೆ, ಅದರ ಕೆಳಗೆ ಹಸನಸಾಬರು, ಎರಡೂ ಬದಿಗೆ ನಾವು.

"ಅಕ್ಕಾರ, ಬಂದ್ರೇನು? ತಡೀರಿ, ಹೊರಗ ಬಂದು ಇವನ್ನ ತಗದು ಕೊಡ್ತೀನಿ."

"ಬ್ಯಾಡ ಬ್ಯಾಡ! ಕದಲಸಬ್ಯಾಡ್ರಿ!" ಎಂದು ಅಕ್ಕ ಕೂಗಿಬಿಟ್ಟರು. ಆಮೇಲೆ ಮೆಲ್ಲಗೆ, "ನೀವು ಕೆಳಗದೀರಿ" ಎಂದರು.

ಅರವತ್ತೆಂಟು ವರ್ಷದ ಹೆಂಗಸು ಎಣ್ಣೆ ಬಿದ್ದ ನೆಲಕ್ಕೆ ಮೊಣಕಾಲೂರಿ, ಬಗ್ಗಿ, ಭಾರ ಹೊತ್ತು ನಿಂತಿದ್ದ ನನ್ನ ಕಾಲಿಗೆ ಕುಂಕುಮ ಹಚ್ಚಿದರು. ನನ್ನ ಸಿಟ್ಟು ಹೋಯಿತೆಂದು ಹೇಳಲಾರೆ. ಆದರೆ ಆ ಕುಂಕುಮವನ್ನು ನಾನು ಒಪ್ಪಿಕೊಂಡೆ.

ಈಗ ನನ್ನ ಒಂದು ಕಾಲಿನ ಬೆಸುಗೆ ಬಿರುಕು ಬಿಟ್ಟಿದೆ. ಬಿರುಕು ಬಿಟ್ಟದ್ದನ್ನು ನಂಬಬಾರದೆಂದು ಹಸನಸಾಬರು ನನ್ನನ್ನು ಅಂಗಳದ ಮೂಲೆಯಲ್ಲಿಟ್ಟಿದ್ದಾರೆ. ಅವರು ಮಾಡಿದ್ದು ಸರಿ. ಇಲ್ಲಿ ಕುಳಿತು, ಸರ್ ಗುನುಗುತ್ತಿದ್ದುದನ್ನು ನೆನೆಯುತ್ತಾ, ದಿನವೂ ಒಂದೇ ಬೇಡಿಕೆ ಬೇಡುತ್ತೇನೆ.

ತಾಯೀ, ಅವರ ಎದೆಯ ಮೇಲೆ ಬಿದ್ದ ಆ ಭಾರವನ್ನು ನಾನು ಹೊರಬೇಕಿತ್ತು, ಹೊರಲಿಲ್ಲ. ಅದನ್ನು ನೀನು ಇಳಿಸು. ಶೇಷಗಿರಿ ಸರ್ ನಿನ್ನ ಮಡಿಲಲ್ಲಿ ನಿರಾಳವಾಗಿ ಉಸಿರಾಡುತ್ತಾ ಮಲಗಲಿ.