ಎಣ್ಣೆ ತಿನ್ನುವವರಿಗೆ ಬೋರ್ಡೋ

ಆಲ್ದೂರಿನಾಚೆಯ ಎಸ್ಟೇಟಿನಲ್ಲಿ, ಜನರೇಟರ್ ಶೆಡ್ಡಿನ ಹಿಂದೆ ಇಪ್ಪತ್ತು ವರ್ಷ ಸುಟ್ಟ ಆಯಿಲ್ ಸುರಿಸಿದವರು ಸಾಹುಕಾರ ಚಂದ್ರಶೇಖರಪ್ಪನವರೇ. ಅದು ಮಣ್ಣಿಗಿಳಿದು, ಕೆಳಗಿನ ಅರ್ಧ ಎಕರೆಯ ಸಾವಿತ್ರಮ್ಮನ ಬಾವಿ ಸೇರಿತು. ಅನ್ನದಲ್ಲೂ ಡೀಸೆಲ್ ವಾಸನೆ. ಹೇಳಲು ಹೋದರೆ, "ಮಳೆ ಬಂದ್ರೆ ತೊಳ್ಕೊಂಡು ಹೋಗುತ್ತೆ ಬಿಡಮ್ಮ" ಅಂದಿದ್ದರು ಮಹಾನುಭಾವರು. ಹೋಗಿದ್ದೆಲ್ಲಿಗೆ, ಅವಳ ಬಾವಿಗೇ!

ಕಾಫಿ ಕೊಳ್ಳುವ ಹೊರದೇಶದವರು ಮಣ್ಣಿನ ಸರ್ಟಿಫಿಕೇಟ್ ಕೇಳಿದ ಮೇಲೆ ಸಾಹುಕಾರರಿಗೆ ಜ್ಞಾನೋದಯವಾಯಿತು. ಗಾನಶ್ರೀ ಎಂಬ ವಿಜ್ಞಾನಿ ಹುಡುಗಿ ಬಂದು ಮಣ್ಣಿಗೆ ಕಡ್ಡಿ ನೆಟ್ಟು ತಂತಿ ಎಳೆದಳು. ಸಣ್ಣಗೆ ಕರೆಂಟು ಹರಿಸಿದರೆ ಕಣ್ಣಿಗೆ ಕಾಣದ ಜೀವಿಗಳು ಚುರುಕಾಗಿ ಎಣ್ಣೆ ತಿನ್ನುತ್ತವಂತೆ. ಸಾವಿತ್ರಮ್ಮ ಬಾಯಿಗೆ ಸೆರಗು ಮುಚ್ಚಿ ನಕ್ಕಿದ್ದಳು. ಆದರೆ ಎಂಟನೇ ತಿಂಗಳಲ್ಲಿ ಬಿಂದಿಗೆಯ ನೀರು ಮೂಸಿದವಳು ಇನ್ನೊಮ್ಮೆ ಮೂಸಿದಳು. ವಾಸನೆ ಅರ್ಧಕ್ಕರ್ಧ ಇಳಿದಿತ್ತು. ಹುಡುಗಿಯ ಕೈ ಹಿಡಿದು ಅತ್ತೇಬಿಟ್ಟಳು.

ಗಾನಶ್ರೀ ವಾರದ ಮಟ್ಟಿಗೆ ಊರಿಗೆ ಹೋದಳು. ಆಗ ಸಾಹುಕಾರರ ಕಣ್ಣಿಗೆ ಕಡ್ಡಿಗಳ ಬುಡದಲ್ಲಿ ಬೆಳ್ಳಗಿನ ಲೋಳೆ ಬಿತ್ತು.

"ಬೂಷ್ಟು ಹಿಡ್ದಿದೆ ಕಣೋ! ಕಾಫಿ ಗಿಡಕ್ಕೆ ಹತ್ತೀತು. ಬೋರ್ಡೋ ಹೊಡೀರಿ!"

"ಬ್ಯಾಡಿ ಸಾವ್ಕಾರ್ರೆ, ಆ ಹುಡುಗೀಗೆ ಒಂದು ಫೋನ್ ಮಾಡಿ" ಎಂದು ಸಾವಿತ್ರಮ್ಮ ಬೇಲಿಯಿಂದಲೇ ಕೂಗಿದಳು.

"ನಂಗೆ ಬೂಷ್ಟಿನ ಪಾಠ ಹೇಳ್ತೀಯಾ?"

ಮೇಸ್ತ್ರಿ ಗಿಡ್ಡಪ್ಪ ಮೈಲುತುತ್ತು, ಸುಣ್ಣ ಕಲಸಿ, ಬೂಷ್ಟು ಕೊಲ್ಲುವ ಆ ಬೋರ್ಡೋ ದ್ರಾವಣವನ್ನು ಹತ್ತು ಡ್ರಮ್ ಹೊಯ್ದ. ನೆಲವೆಲ್ಲ ನೀಲಿಯಾಯಿತು.

ವಾಪಸು ಬಂದ ಗಾನಶ್ರೀ ಮಣ್ಣು ಪರೀಕ್ಷಿಸಿ ಅಲ್ಲೇ ಕುಕ್ಕರಿಸಿದಳು. "ಆ ಲೋಳೆ ಎಣ್ಣೆ ತಿನ್ನೋ ಜೀವಿಗಳದ್ದೇ, ಸರ್. ಎಲ್ಲಾ ಸತ್ತಿವೆ."

"ಹೊಸವು ತಂದು ಬಿಡಮ್ಮ, ಅದಕ್ಕೇನು?"

"ಮೈಲುತುತ್ತಿನ ತಾಮ್ರ ಮಣ್ಣಲ್ಲೇ ಉಳಿಯುತ್ತೆ. ಯಾವ್ದೂ ಬದುಕಲ್ಲ."

ಸಾವಿತ್ರಮ್ಮ ಬೇಲಿ ದಾಟಿ ಬಂದಳು. ಎಂಥ ಬುದ್ಧಿವಂತರು! ಕೊಳಕು ಮಾಡಲು ಇಪ್ಪತ್ತು ವರ್ಷ, ತೊಳೆಯಲು ಬಂದ ಜೀವಗಳನ್ನು ಕೊಲ್ಲಲು ಒಂದೇ ಮಧ್ಯಾಹ್ನ.

"ನನ್ ಬಾವಿ ಗತಿ ಏನು, ಸಾವ್ಕಾರ್ರೆ?"

"ನೋಡೋಣ. ಟ್ಯಾಂಕರ್ ತರಿಸೋಣ..."

"ಟ್ಯಾಂಕರ್ ಯಾಕೆ? ನಿಮ್ಮನೆ ಬಾವಿ ಮೇಲಿದೆ, ನೀರು ಚೊಕ್ಕ ಐತೆ. ಅಲ್ಲೇ ಸೇದ್ಕೋತೀನಿ."

"ನಮ್ಮ... ಬಾವೀಲಾ?" ಸಾಹುಕಾರರ ಮುಖ ಹುಳ್ಳಗಾಯಿತು.

"ಹ್ಞೂಂ, ನಿಮ್ದೇ. ಯಾಕೆ, ನಿಮ್ಮ ಆಯಿಲ್ ನನ್ ಬಾವಿಗೆ ಬರುವಾಗ ನನ್ನ ಕೇಳ್ಕೊಂಡು ಬಂತಾ?"

ಮರುದಿನ ಬೆಳಿಗ್ಗೆ ಸಾಹುಕಾರರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಸಾವಿತ್ರಮ್ಮ ಅವರೆದುರೇ ಅಂಗಳ ದಾಟಿ ಹೋಗಿ, ರಾಟೆಯ ಹಗ್ಗಕ್ಕೆ ತನ್ನ ಬಿಂದಿಗೆ ಕಟ್ಟಿ ಬಾವಿಗಿಳಿಸಿದಳು. ಅವರು ಪೇಪರ್ ಇನ್ನಷ್ಟು ಮೇಲೆತ್ತಿ ಹಿಡಿದರು.