ಹುಸೇನ್ ಸಾಬರ ಒಡ್ಡು

ಮೂರನೆಯ ಸಲವೂ ಗೆಂಡೆಮೀನು ಒಡ್ಡಿನ ಗೋಡೆಗೆ ಬಡಿದು ಕೆಳಗಿನ ಮಡುವಿಗೆ ಬಿತ್ತು.

"ಕಂಡ್ರೇನು ಸಾಬಣ್ಣ?" ಎಂದಳು ಮೀನು ಮಾರುವ ಉಚ್ಚೆಂಗೆಮ್ಮ. "ನಿಮ್ಮ ಗ್ವಾಡಿಗೆ ತಲಿ ಚಚ್ಕೊಂತಾವೆ."

ಹುಸೇನ್ ಸಾಬರು ಆರಿದ ಬೀಡಿಯನ್ನೇ ಎಳೆಯುತ್ತಾ ನಿಂತಿದ್ದರು. ಹರಿಹರದ ಹತ್ತಿರ ಹೊಳೆ ಸೇರುವ ಆ ಹಳ್ಳಕ್ಕೆ ಎರಡು ವರ್ಷದ ಹಿಂದೆ, ಐವತ್ತೇಳರಲ್ಲಿ, ಬೇಸಿಗೆಗೆ ನೀರು ನಿಲ್ಲಲೆಂದು ಪಂಚಾಯ್ತಿಗಾಗಿ ಒಡ್ಡು ಕಟ್ಟಿದ ಗೌಂಡಿ ಅವರೇ. ಸೊಂಟದೆತ್ತರದ ಗೋಡೆ, ಗಾರೆ ಎಷ್ಟು ನಯವೆಂದರೆ ಇರುವೆ ಹತ್ತಿದರೂ ಜಾರಬೇಕು. ಮೇಲುಸಾಲಿನ ನಟ್ಟನಡುವಿನ ಕಲ್ಲಿನಲ್ಲಿ ಅವರ ಹೆಸರಿತ್ತು. ಸಾಬರಿಗೆ ಓದುಬರಹ ಬಾರದು. ಮಗಳು ರಶೀದಾ ಕಾಗದದಲ್ಲಿ ಬರೆದುಕೊಟ್ಟ ಅಕ್ಷರಗಳನ್ನು ಎದುರಿಗಿಟ್ಟುಕೊಂಡು, ಎರಡು ದಿನ ಕೂತು ಉಳಿಯಲ್ಲಿ ಕೆತ್ತಿದ್ದರು. ಮೂವತ್ತು ವರ್ಷ ಊರೂರು ತಿರುಗಿ ಯಾರ‍್ಯಾರದೋ ಮನೆ ಕಟ್ಟಿದವರ ಹೆಸರು ಲೋಕದಲ್ಲಿ ಇದ್ದದ್ದು ಆ ಒಂದೇ ಕಲ್ಲಿನ ಮೇಲೆ.

ಮುಂಗಾರಿನ ಹೊಸ ನೀರು ಬಂದಾಗ ಹೊಳೆಯ ಮೀನುಗಳು ಮೊಟ್ಟೆ ಹೊತ್ತು, ಹಳ್ಳ ಹತ್ತಿ ಮೇಲಿನ ಕೆರೆಗೆ ಹೋಗುತ್ತವೆ. ಆ ಮೂರು ದಿನ ಊರಲ್ಲಿ ಯಾರೂ ಬಲೆ ಬಿಡುವುದಿಲ್ಲ. ಬಸುರಿ ಮಗಳು ತವರಿಗೆ ಬಂದಳೆಂದು ಹೆಂಗಸರು ದಂಡೆಯಲ್ಲಿ ನಿಂತು ಮಂಡಕ್ಕಿ ಎರಚುತ್ತಾರೆ. ಒಡ್ಡು ಕಟ್ಟಿದ ಮೊದಲ ವರ್ಷ ಮಾತ್ರ ಎಲ್ಲರ ಬುದ್ಧಿಗೂ ಮಂಕು ಕವಿಯಿತು. ಗೋಡೆಯ ಬುಡದಲ್ಲಿ ರಾಶಿ ಬಿದ್ದ ಮೀನನ್ನು ಬುಟ್ಟಿಯಲ್ಲಿ ಬಾಚಿಕೊಂಡರು. ಕಟ್ಟುಪಾಡು ಹತ್ತುವ ಮೀನಿಗೆ, ಬಿದ್ದ ಮೀನಿಗಲ್ಲ ಎಂದು ವಾದ ಹೂಡಿದವಳು ಉಚ್ಚೆಂಗೆಮ್ಮನೇ. ಸಾಬರ ಮನೆಗೂ ದೊಡ್ಡದೊಂದು ಬಾಳೆಮೀನು ಕೊಟ್ಟು, "ನಿಮ್ಮ ಕೈ ತಣ್ಣಗಿರ‍್ಲಿ" ಎಂದು ಹರಸಿ ಹೋಗಿದ್ದಳು.

ಈಗ ಕೆರೆಗೆ ಬಲೆ ಬಿಟ್ಟರೆ ಬರುವುದು ಪಾಚಿ. ಬೆಳಗಿನ ರೈಲಿಗೆ ಮೀನಿನ ಬುಟ್ಟಿ ಹೊತ್ತು ದಾವಣಗೆರೆಗೆ ಹೋಗುತ್ತಿದ್ದವಳು ಅದೇ ರೈಲಿನಲ್ಲಿ ಬರಿಗೈಲಿ ಹೋಗಿ, ಹತ್ತಿ ಮಿಲ್ಲುಗಳ ಬಾಗಿಲಲ್ಲಿ ಕೂಲಿಗೆ ಕಾಯುತ್ತಿದ್ದಳು.

ಸಾಬರೇನೂ ಕಲ್ಲುಹೃದಯದವರಲ್ಲ. ಹೋದ ವಾರವಷ್ಟೇ ಪಂಚಾಯ್ತಿಯ ಪಾಲಯ್ಯನ ಕೈಕಾಲು ಹಿಡಿದು, ಮೀನಿಗೆ ದಾರಿ ಬಿಟ್ಟು ಮಳೆಗಾಲ ಮುಗಿದೊಡನೆ ಹಲಗೆ ಹಾಕಿ ಮುಚ್ಚುತ್ತೇನೆಂದು ಒಪ್ಪಿಸಿ, ದಂಡೆಯ ಅಂಚಿನಲ್ಲಿ ಒಡ್ಡು ಕತ್ತರಿಸಿದ್ದರು. ಕೆಳಗೆ ಚೆಂದದ ಮೆಟ್ಟಿಲನ್ನೂ ಕಟ್ಟಿದ್ದರು. ಒಂದು ಮೀನೂ ಅತ್ತ ಮೂಸಿ ನೋಡಲಿಲ್ಲ.

"ಇಷ್ಟು ನೀಟಾಗಿ ಕಟ್ಟೀನಿ, ಇವುಕ್ಕೇನು ಕಣ್ಣಿಲ್ಲೇನು ತಂಗಿ?"

"ಮೆಟ್ಲು ನೋಡಿ ಬರಾಕ ಅವೇನು ಬೀಗರೇನ್ರಿ? ಸೆಳವು ಎಲ್ಲೈತೋ ಅಲ್ಲೇ ಹತ್ತೋದು. ಸೆಳವು ಇರೋದು ನಡುಕ್ಕ."

ನಡುಕ್ಕೆ ಎಂದರೆ ಹೆಸರಿನ ಕಲ್ಲು. ಅದು ಇಬ್ಬರಿಗೂ ಗೊತ್ತಿತ್ತು.

"ಅದೊಂದು ಬ್ಯಾಡ. ಬೇರೆ ಏನಾರ ಹೇಳು."

"ಬೇರೆ ಇದ್ದಿದ್ರೆ ನಾನ್ಯಾಕ ನಿಮ್ ಮಾರಿ ನೋಡ್ಕೊಂತ ನಿಂದ್ರತಿದ್ದೆ?" ಎಂದಳು. "ತಪ್ಪು ನಿಮ್ದೊಂದೇ ಅಲ್ಲ ಸಾಬಣ್ಣ. ಬಸುರಿ ಮೀನು ತಿಂದೋಳು ನಾನು."

ಸಾಬರು ಮನೆಗೆ ನಡೆದರು. ಊಟಕ್ಕೆ ಕೂತಾಗ ಹೆಂಡತಿ ಖತೀಜಾಬೀಗೆ ಎಲ್ಲವನ್ನೂ ಹೇಳಿದರು. ಆಕೆ ರೊಟ್ಟಿ ತಟ್ಟುತ್ತಲೇ, "ಆ ಹೆಸರು ನಿಮ್ಗೂ ಓದಾಕ ಬರಲ್ಲ, ಮೀನಿಗೂ ಬರಲ್ಲ. ಯಾರ ಸಲುವಾಗಿ ಇಟ್ಕೊಂಡೀರಿ?" ಎಂದಳು. ಸಾಬರಿಗೆ ಸಿಟ್ಟು ಬಂತು, ಹಿಂದೆಯೇ ನಗುವೂ ಬಂತು. ಅರ್ಧ ರೊಟ್ಟಿ ಬಿಟ್ಟು ಎದ್ದು ಹಾರೆ ಹುಡುಕಿ, ಉಚ್ಚೆಂಗೆಮ್ಮ ಇನ್ನೂ ನಿಂತಿದ್ದ ಹಳ್ಳಕ್ಕೆ ಮರಳಿದರು.

ಕಲ್ಲು ಸುಲಭಕ್ಕೆ ಬರಲಿಲ್ಲ. ತಾವೇ ಹಾಕಿದ ಗಾರೆಯನ್ನು ತಾವೇ ಬೈಯುತ್ತಾ, ತೊಡೆಮಟ್ಟದ ನೀರಿನಲ್ಲಿ ನಿಂತು ಮೀಟಿದರು. ಅದರ ಕೆಳಗಿನ ಸಾಲುಗಳನ್ನೂ ಬಿಚ್ಚಿದರು. ಬಾಯಿ ತೆರೆದಲ್ಲಿಂದ ಹಳ್ಳ ಧುಮುಕಿತು. ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಲು ಹೋದರೆ ಉಚ್ಚೆಂಗೆಮ್ಮ ಎತ್ತಿಕೊಟ್ಟವನ್ನೆಲ್ಲ ನೀರು ಉರುಳಿಸಿಕೊಂಡು ಹೋಯಿತು. ಬುಡಕ್ಕೆ ಭಾರದ್ದೊಂದು ಬೇಕಿತ್ತು. ಮನೆಗೆ ಒಯ್ಯಲೆಂದು ದಂಡೆಗೆ ಒರಗಿಸಿದ್ದ ಹೆಸರಿನ ಕಲ್ಲನ್ನು ಸಾಬರು ಒಂದು ಗಳಿಗೆ ನೋಡಿದರು.

"ಹಿಡಿ ಆಕಡೆ," ಎಂದರು.

ಅಕ್ಷರ ಮೇಲಾಗಿ ಕಲ್ಲು ನೀರಿನೊಳಗೆ ಕೂತಿತು. ಉಳಿದವು ಅದಕ್ಕೆ ಆತು ನಿಂತವು. ಇಬ್ಬರೂ ಒದ್ದೆಯಾಗಿಯೇ ದಂಡೆಯಲ್ಲಿ ಕುಳಿತು ಕಾದರು. ಹೊತ್ತು ಇಳಿಯುವಾಗ ಮಡುವಿನಿಂದ ಒಂದು ಗೆಂಡೆ ಸೆಳವಿಗೆ ಎದುರಾಗಿ ಬಂತು. ಹೊಟ್ಟೆ ಉಬ್ಬಿತ್ತು. ಹೆಸರಿನ ಕಲ್ಲಿನ ಮರೆಯಲ್ಲಿ ನಿಂತು ಸುಧಾರಿಸಿಕೊಂಡಿತು. ಬಾಲ ಬೀಸಿ ಒಂದು ಕಲ್ಲು ಹತ್ತಿತು, ಇನ್ನೊಂದು ಹತ್ತಿತು, ಒಡ್ಡಿನ ಬಾಯಿ ದಾಟಿ ಮೇಲಿನ ಕೆನ್ನೀರಿನಲ್ಲಿ ಕರಗಿತು. ಅದರ ಹಿಂದೆ ಮತ್ತೆ ಎರಡು ಬಂದವು.

ಉಚ್ಚೆಂಗೆಮ್ಮ ಕಣ್ಣೊರೆಸಿಕೊಂಡು ಮಡಿಲಿನ ಗಂಟು ಬಿಚ್ಚಿದಳು. ಮಂಡಕ್ಕಿ ಒದ್ದೆಯಾಗಿ ಮುದ್ದೆಗಟ್ಟಿತ್ತು. ಹಾಗೆಯೇ ಒಂದು ಹಿಡಿ ಮುರಿದು ಮೀನಿನತ್ತ ಎರಚಿದಳು.

ಸಾಬರು ಗಾರೆಗೆ ತರಚಿದ ಅಂಗೈ ಚಾಚಿದರು. "ನಂಗೂ ಒಂದ್ಹಿಡಿ ಕೊಡವ್ವ."