ಕೈಗೆ ಹಾಕಿದ ನೀರು

ಲಿಂಗಸುಗೂರಿನಲ್ಲಿ ತನ್ನ ಜೊತೆ ಶಾಲೆಯಲ್ಲಿ ಕಲಿಸುವ ಶಾಹೀನ್‌ಳ ಮನೆಗೆ ಸಂಘಮಿತ್ರಾ ಊಟಕ್ಕೆ ಹೋಗಿದ್ದಳು. ಶಾಹೀನ್‌ಳ ತಾಯಿ ಇಮಾಮ್‌ಬೀ ಕೆಳಗೆ ಬೋಗುಣಿ ಇಟ್ಟು, ಕೂತವರ ಕೈಗೆ ತಾನೇ ನೀರು ಹಾಕುತ್ತಾ ಬಂದಳು.

"ಬ್ಯಾಡ್ರಿ ಅಮ್ಮಾ, ನಾನ ನಳಕ್ಕ ಹೋಗ್ತೀನಿ."

"ಸುಮ್ನ ಕುಂದ್ರವಾ. ಮೆಹಮಾನ್ ಎದ್ದು ಹೋದ್ರ ನಾ ಯಾಕ ಇರಬೇಕು?"

ಸಂಘಮಿತ್ರಾಳನ್ನು ಅದುವರೆಗೆ ಯಾರೂ ಹಾಗೆ ಉಪಚರಿಸಿರಲಿಲ್ಲ.

ಈಚೆಗೆ ಮರೆವು ಹತ್ತಿದ್ದ ಅಜ್ಜಿ ಪಕೀರಮ್ಮ ಸಂತೆಕಲ್ಲೂರಿನಿಂದ ಮಸ್ಕಿಯ ತನ್ನ ಹೊಸ ಮನೆಗೆ ಬಂದಾಗ ಸಂಘಮಿತ್ರಾಳಿಗೂ ಹಾಗೇ ಮಾಡಬೇಕೆನಿಸಿತು. ಚಾಪೆ ಹಾಸಿ ಕೂರಿಸಿ, ತಂಬಿಗೆ ತಂದಳು.

"ಆಯಿ, ಕೈ ಹಿಡಿ."

ನೀರು ಬಿದ್ದ ಕೂಡಲೇ ಅಜ್ಜಿಯ ಕೈ ಬೊಗಸೆಯಾಯಿತು. ಬಗ್ಗಿ, ಬೊಗಸೆಗೆ ಬಾಯಿ ಹಚ್ಚಿ ಗಟಗಟ ಕುಡಿಯತೊಡಗಿದಳು. ಆಕೆಯ ಹರೆಯದಲ್ಲಿ ಇವರ ಕೇರಿಯವರನ್ನು ಊರ ಬಾವಿಯ ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ. ಕೆಳಗೆ ನಿಂತು, ಮೇಲಿನವರು ಸುರಿದಷ್ಟು ಹೀಗೇ ಕುಡಿಯಬೇಕಿತ್ತು.

"ಅದು ತೊಳಕೊಳ್ಳಾಕ, ಆಯಿ. ನಾನು, ಸಂಘಮಿತ್ರಾ."

ಅಜ್ಜಿ ತಲೆ ಎತ್ತಲಿಲ್ಲ.

"ಮುಟ್ಟೀತ್ರೀ ಗೌಡಸಾನಿ, ಮ್ಯಾಲಿಂದ ಹಾಕ್ರಿ."

ನಿಲ್ಲಿಸಿದರೆ ಅಜ್ಜಿ ಬಾಯಾರಿಯೇ ಉಳಿಯುತ್ತಾಳೆ. ಸಂಘಮಿತ್ರಾ ಹಾಕುತ್ತಲೇ ಇದ್ದಳು. ತಂಬಿಗೆ ಯಾವಾಗಲೋ ಒಂದು ಗೇಣು ಮೇಲಕ್ಕೇರಿತ್ತು.